ಕಾಲು ತೊಳೆಯುವ ನೀರು

ಚಳ್ಳಕೆರೆಯಿಂದ ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಅಜ್ಜಯ್ಯ ಎಂಬ ಗುರುಗಳು ಭಕ್ತರನ್ನು ನಡೆಸಿಕೊಂಡು ಹೋಗುತ್ತಿದ್ದ ದಾರಿಯಲ್ಲೇ ನಡೆಯುತ್ತಿದ್ದೇನೆ. ಅವರು ತೀರಿಕೊಂಡು ವರ್ಷಗಳಾದರೂ, ಅವರು ದೇವರೋ ಢೋಂಗಿಯೋ ಎಂಬ ಜಗಳ ಈ ಕಡೆ ಮುಗಿದಿಲ್ಲ. ಬೆಟ್ಟ ಹತ್ತುವ ದಿನ ಗುಡಿ ಮುಟ್ಟುವವರೆಗೆ ಹನಿ ನೀರೂ ಕುಡಿಯಬಾರದೆಂಬುದು ಅವರು ಹಾಕಿದ ಕಟ್ಟಳೆ. ಇವತ್ತು ಬೆಳಗಿನಿಂದ ನಾನೂ ಕುಡಿದಿರಲಿಲ್ಲ.

ಮೊಳಕಾಲ್ಮೂರಿನ ಹತ್ತಿರ, ರಸ್ತೆ ಬದಿಯ ಒಂಟಿ ಮನೆಯ ಮುಂದೆ ಮುದುಕಿಯೊಬ್ಬರು ಚೊಂಬು ಹಿಡಿದು ಅಡ್ಡ ನಿಂತರು.

"ಕುಡಿದು ಹೋಗ್ರಿ."

"ವ್ರತ ಇದೆ, ಅವ್ವಾ."

"ಗೊತ್ತೈತೆ. ಅದಕ್ಕೇ ನಿಂತೀನಿ. ಬೊಗಸೆ ಒಡ್ರಿ."

ವ್ರತ ಕೆಡಿಸಲು ನಿಂತ ಈಕೆಯ ಬಾಗಿಲ ಮೇಲೇ ಅಜ್ಜಯ್ಯನ ಫೋಟೋ ಇತ್ತು, ಅದಕ್ಕೆ ಹೊಸ ಹೂವೂ ಇತ್ತು. ನಾನು ನೋಡಿದ್ದನ್ನು ಆಕೆ ಕಂಡರು.

"ನಮ್ಮ ಯಜಮಾನ್ರು ಹಾಕಿದ್ದು. ತೆಗಿಯಾಕೆ ಕೈ ಬರಲ್ಲ."

ಆತ ಅಜ್ಜಯ್ಯನ ಹಿಂದೆ ನಡೆದು, ಬೆಟ್ಟದ ಮೆಟ್ಟಿಲುಗಳ ಅರ್ಧದಲ್ಲೇ ಬಾಯಾರಿ ಬಿದ್ದು ಸತ್ತರಂತೆ.

"ಆವತ್ತು ಅಜ್ಜಯ್ಯನ್ನ ಪಾದಪೂಜೆಗೆ ಒಳಗೆ ಕರೆದಿದ್ವಿ. ಯಜಮಾನ್ರು ಹೂವು ತರಾಕೆ ಹಿತ್ತಲಿಗೆ ಹೋದ್ರು. ಅಜ್ಜಯ್ಯ ನನ್ನ ಕೈಯಾಗಿನ ಚೊಂಬು ಇಸ್ಕೊಂಡು, ಕಾಲು ತೊಳಿಯೋ ನೀರನ್ನೇ ಗಟಗಟ ಕುಡಿದ್ರು."

"ಯಜಮಾನರಿಗೆ ಹೇಳಲಿಲ್ಲವೇ?"

"ಗುರುಗಳ ಮಾನ ಹೋಗ್ತೈತೆ ಅಂತ ಬಾಯಿ ಮುಚ್ಕೊಂಡೆ. ಇನ್ನೊಂದು ಚೊಂಬು ತಂದು ಕಾಲು ತೊಳೆದೆ. ಯಜಮಾನ್ರು ಹೂವು ಹಾಕಿ, ಒಣಗಿದ ತುಟೀಲೇ ಹೊರಟ್ರು." ಆಕೆ ಚೊಂಬನ್ನು ನನ್ನತ್ತ ಬಾಗಿಸಿದರು. "ಹೇಳಿದ್ದಿದ್ರೆ ಕುಡೀತಿದ್ರು."

ನಾನು ಬೊಗಸೆ ಒಡ್ಡಿದೆ.