ಕಮಲಾಪುರದ ಗಾಣದ ಬಯಲಿನಲ್ಲಿ

ಕಮಲಾಪುರದಲ್ಲಿ ಮೊದಲ ಬೆಳಿಗ್ಗೆ ಕಣ್ಣು ಬಿಟ್ಟಾಗ ನನ್ನ ತಲೆಯ ಮೇಲೆ ಯಾರೋ ನಡೆದಾಡುತ್ತಿದ್ದರು. ನಮ್ಮ ಕುಂದಾಪುರದ ಕಡೆ ಮಾಡಿನ ಮೇಲೆ ಓಡಾಡುವುದು ಬೆಕ್ಕು ಮಾತ್ರ; ಮನುಷ್ಯರು ಹತ್ತಿದರೆ ಹೆಂಚು ಒಡೆದು ಒಳಗೇ ಬೀಳಬೇಕು. ಹೆದರಿ ಎದ್ದು ಕುಳಿತೆ. ಚಾವಣಿಯ ನಡುವಿನ ಬೆಳಕಿಂಡಿಯಿಂದ ಒಂದು ಮುಖ ಇಣುಕಿತು.

"ಎದ್ರ್ಯಾ? ಮೆಣಸಿನಕಾಯಿ ಒಣಗಾಕ ಹಾಕ್ತಿದ್ದೆ. ಹೆದರಬ್ಯಾಡ್ರಿ."

ಪಕ್ಕದ ಮನೆಯ ಬಸಮ್ಮನವರ ಪರಿಚಯವಾದದ್ದು ಹೀಗೆ. ಇಲ್ಲಿಯ ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಳಿಗೆ. ಒಂದು ಮನೆಯ ಮಾಳಿಗೆ ಇನ್ನೊಂದಕ್ಕೆ ತಾಗಿಕೊಂಡೇ ಇರುತ್ತದೆ. ನೆರೆಯವರು ಬಾಗಿಲಿನಿಂದಲೇ ಬರಬೇಕೆಂದೇನೂ ಇಲ್ಲ.

ನನ್ನ ಯಜಮಾನರು ಕಾಲುವೆ ಕಚೇರಿಯಲ್ಲಿ ಓವರ್ಸಿಯರ್. ನಮ್ಮ ಜಿಲ್ಲೆಯೂ ಈ ಜಿಲ್ಲೆಯೂ ಮದರಾಸಿಗೇ ಸೇರಿದವು. ಅಲ್ಲಿ ಕುಳಿತ ದೊರೆಗಳಿಗೆ ಕಡಲ ತೀರದವರನ್ನು ಎತ್ತಿ ಈ ಬಂಡೆಗಳ ನಡುವೆ ಇಡುವುದು ಚೌಕಾಬಾರದ ಕಾಯಿ ನಡೆಸಿದಷ್ಟು ಸುಲಭ. ಯಜಮಾನರು ಕಾಲುವೆ, ತೂಬು ಎಂದು ಸದಾ ಕ್ಯಾಂಪಿನಲ್ಲಿ, ಮನೆಯಲ್ಲಿ ನಾನೊಬ್ಬಳೇ. ಊರಿನಲ್ಲಿ ಸಾಲಾಗಿ ಎಲೆ ಹಾಕಿ ಉಂಡವಳಿಗೆ ಇಲ್ಲಿ ಒಂಟಿ ಎಲೆಯ ಮುಂದೆ ಅನ್ನ ಗಂಟಲಿಗಿಳಿಯುತ್ತಿರಲಿಲ್ಲ. ನೆರೆಯವರೊಡನೆ ಉಣ್ಣೋಣವೆಂದರೆ ನಮಗೆ ನಮ್ಮ ಮಡಿ, ಲಿಂಗಾಯತರಾದ ಅವರಿಗೆ ಅವರ ಕಟ್ಟು. ಮಾತು ಮಾಳಿಗೆ ದಾಟುತ್ತಿತ್ತು, ಅನ್ನ ದಾಟುತ್ತಿರಲಿಲ್ಲ.

ನಾನು ಸೊರಗಿದ್ದನ್ನು ಕಂಡು ಯಜಮಾನರೇ ನನ್ನ ಅಣ್ಣನನ್ನು ಬರಹೇಳಿದರು. "ಅವನ ಜೊತೆ ಊರಿಗೆ ಹೋಗು. ತಿರುಗಿ ಬರುವುದು ಬಿಡುವುದು ನಿನಗೆ ಬಿಟ್ಟದ್ದು" ಎಂದರು. ಹೋದರೆ ತಿರುಗಿ ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದೆ.

ಅಣ್ಣ ಬರುವುದಕ್ಕೆ ಹಿಂದಿನ ದಿನ ಬೆಳಕಿಂಡಿಯಿಂದ ಬಸಮ್ಮನವರು ಕೂಗಿದರು: "ನಮ್ಮ ಕಬ್ಬಿನ ಗಾಣ ಹೂಡೀವ್ರಿ. ಒಬ್ಬಾಕಿನ ಮನ್ಯಾಗ ಕುಂತು ಏನ್ ಮಾಡ್ತೀರಿ? ಜಲ್ದಿ ಬರ್ರಿ."

ಹೊಲದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಯಾರಿಗೂ ಕೂಲಿಯಿಲ್ಲ. ಇಂದು ಇವರ ಕಬ್ಬಿಗೆ ಅವರು, ನಾಳೆ ಅವರ ಕಬ್ಬಿಗೆ ಇವರು, ಮುಯ್ಯಾಳು ಎನ್ನುತ್ತಾರೆ. ಕಬ್ಬಿನ ಒಣಗರಿಗೆ ಇಲ್ಲಿ ರವದಿ ಎಂದು ಹೆಸರು. ಅದನ್ನು ಸುಲಿಯುವ ಕೆಲಸಕ್ಕೆ ನಾನೂ ಕುಳಿತೆ. ಅದರ ಅಂಚಿಗೆ ಅಂಗೈಯೆಲ್ಲ ಗೀರಿಹೋಯಿತು. "ಹೊಲ ಕಾಣದ ಕೈ, ಪಾಪ" ಎಂದು ಹೆಂಗಸರು ನಕ್ಕರು. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ ನಕ್ಕಿದ್ದೆ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಆ ನಗು ನಿಂತಿತು. ಅವರೆಲ್ಲ ಜೋಳದ ರೊಟ್ಟಿ, ಪುಂಡಿಪಲ್ಯ ಹಂಚಿಕೊಂಡು ಬೇವಿನ ನೆರಳಲ್ಲಿ ಕುಳಿತರು. ಯಾರೂ ನನ್ನನ್ನು ಕರೆಯಲಿಲ್ಲ. ಕರೆದರೆ ನನಗೆ ಮುಜುಗರವಾದೀತೆಂದು ಕರೆಯಲಿಲ್ಲ. ನಾನು ಬದುವಿನ ಆಚೆ, ಅವರಿಗೆ ಬೆನ್ನು ಹಾಕಿ, ಮೊಸರನ್ನ ತಿಂದೆ. ಮನೆಯಲ್ಲಿ ಒಬ್ಬಳೇ ಉಣ್ಣುವುದಕ್ಕಿಂತ ಅದು ಹೆಚ್ಚು ಸಂಕಟವಾಗಿತ್ತು.

ಹೊತ್ತು ಇಳಿಯುವಾಗ ಕೊಪ್ಪರಿಗೆಯ ಪಾಕ ಹದಕ್ಕೆ ಬಂತು. ನಮ್ಮ ಕಡೆ ಬೆಲ್ಲವೆಂದರೆ ಡಬ್ಬಿಯಿಂದ ಸುರಿಯುವ ನೀರುಬೆಲ್ಲ. ಇಲ್ಲಿ ಅದನ್ನು ಅಚ್ಚಿಗೆ ಹೊಯ್ದು ಗಟ್ಟಿ ಮಾಡುತ್ತಾರೆ. ಹೊಯ್ದಾದ ಮೇಲೆ ಕೊಪ್ಪರಿಗೆಗೆ ಅಂಟಿದ್ದು ಮುಯ್ಯಾಳುಗಳ ಪಾಲು. ಎಲ್ಲರೂ ಕಬ್ಬಿನ ಸೀಳು ಹಿಡಿದು ಸುತ್ತ ಕುಳಿತು ಕೆರೆದು ತಿನ್ನತೊಡಗಿದರು. ನಾನು ದೂರ ನಿಂತೆ. ಬಸಮ್ಮನವರು ಜರುಗಿ ಜಾಗ ಮಾಡಿದರು.

"ನಿಮ್ಮ ದೇವ್ರ ಮುಂದ ಇಡೋ ಬೆಲ್ಲ ಎಲ್ಲಿಂದ ಬರತೈತ್ರಿ? ಬೆಲ್ಲಕ್ಕ ಮಡಿ ಇಲ್ಲ. ಕುಂದ್ರಿ."

ಕುಳಿತೆ. ನಾಲಗೆ ಸುಟ್ಟಿತು. ಒಂದೇ ಕೊಪ್ಪರಿಗೆಯಲ್ಲಿ ಅಷ್ಟು ಕೈಗಳ ನಡುವೆ ನನ್ನ ಕೈಯೂ ಇತ್ತು. ಈ ಊರಿಗೆ ಬಂದ ಮೇಲೆ ಅಂದೇ ಮೊದಲು ಹೊಟ್ಟೆ ತುಂಬಿತು.

ಮರುದಿನ ಅಣ್ಣ ಹೊಸಪೇಟೆಯಿಂದ ಜಟಕಾದಲ್ಲಿ ಬಂದ. ಅಂದೂ ನಾನು ಗಾಣಕ್ಕೆ ಹೋಗಿದ್ದೆ; ಮನೆಗೆ ಬೀಗ ಕಂಡು, ಕೇಳಿಕೊಂಡು ಅವನು ಅಲ್ಲಿಗೇ ಬಂದ. "ಎಂತ ಇತ್ತ್ ಮಾರಾಯ್ತಿ ಇಲ್ಲಿ? ಕಲ್ಲ್, ಬಿಸ್ಲ್. ಹೊರಡ್, ಅಮ್ಮ ಕಾಯ್ತಿದ್ರ್" ಎಂದ. ನಮ್ಮೂರಿನ ಮಾತು ಕಿವಿಗೆ ಬಿದ್ದು ಜೀವ ತಣ್ಣಗಾಯಿತು. ಆದರೆ ಕೊಪ್ಪರಿಗೆಯ ಬಳಿ ಬಸಮ್ಮನವರು ನನಗೆಂದು ಒಂದು ಕಬ್ಬಿನ ಸೀಳು ಹಿಡಿದು ಕಾಯುತ್ತಿದ್ದರು.

"ಈ ಸರ್ತಿ ಬತ್ತಿಲ್ಲೆ ಅಣ್ಣ" ಎಂದೆ. ಹೇಳಿದ ಮೇಲೆ ನನಗೇ ದಿಗಿಲಾಯಿತು.

ಅಣ್ಣ ಒಂದು ದಿನ ಇದ್ದು, ಅಮ್ಮನಿಗೆ ಬೆಲ್ಲ ಕಟ್ಟಿಸಿಕೊಂಡು ಹೊರಟ. ಜಟಕಾ ತಿರುವಿನಲ್ಲಿ ಮರೆಯಾದಾಗ ಓಡಿಹೋಗಿ ಹತ್ತಿಬಿಡಬೇಕೆನಿಸಿತು. ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ. ಬಸಮ್ಮನವರು ಬಂದು ಪಕ್ಕದಲ್ಲಿ ಕುಳಿತರು. ಆಮೇಲೆ ಹೇಳಿದರು:

"ನಾನೂ ಈ ಊರಾಕಿ ಅಲ್ರಿ. ಸಂಡೂರಿಂದ ಸಣ್ಣಾಕಿ ಇದ್ದಾಗ ಮದುವಿ ಆಗಿ ಬಂದೆ. ಮೊಮ್ಮಕ್ಕಳಾದ್ರೂ ಇಲ್ಲಿ ನನಗ ಸಂಡೂರಾಕಿ ಅಂತನ ಅಂತಾರ."

"ಮತ್ತೆ ಸಂಡೂರಿಗೆ ಹೋದರೆ?" ಎಂದು ಕಣ್ಣೊರೆಸಿಕೊಂಡು ಕೇಳಿದೆ.

"ಅಲ್ಲಿ ಕಮಲಾಪುರದಾಕಿ ಬಂದ್ಲು ಅಂತಾರ."