ಜೇಬಕ್ಕನ ನಾಲ್ಕು ಹೊಲಿಗೆ

ಜೇಬಕ್ಕನ ಬಗ್ಗೆ ಬರೆಯುವುದಕ್ಕೆ ಕಾರಣ ಒಂದೇ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗದೆ ಹೋಗುತ್ತಿದ್ದ ತಪ್ಪನ್ನು ಅವಳು ತಾನಾಗಿ ಹೇಳಿದಳು. ಹೇಳಿದ್ದರಿಂದ ಏನೂ ಸಿಗಲಿಲ್ಲ. ಇದ್ದದ್ದೂ ಅಷ್ಟಿಷ್ಟು ಹೋಯಿತು. ಅಂಥವಳ ವಿಷಯ ನಾಲ್ಕು ಜನಕ್ಕೆ ತಿಳಿಯಬೇಕು.

ದೂರದೂರದ ಬಸ್ಸುಗಳು ಬಂದು ನಿಲ್ಲುವ ನಿಲ್ದಾಣದ ಎದುರು ಒಂದು ಹಳೆಯ ಲಾಡ್ಜು. ಅದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ನೆತ್ತಿಗೆ ಪೆಟ್ಟಾಗುವ ಜಾಗದಲ್ಲಿ, ಅವಳ ಹೊಲಿಗೆ ಮೆಷಿನ್ನು. ಮೇಲೆ ಯಾರಾದರೂ ದಡದಡ ಇಳಿದರೆ ಧೂಳು ಉದುರುತ್ತದೆ. ಬಟ್ಟೆಯ ಮೇಲೆ ಬೀಳದಿರಲಿ ಎಂದು ಪ್ಲಾಸ್ಟಿಕ್ ಹಾಳೆ ಕಟ್ಟಿದ್ದಾಳೆ. ಪಕ್ಕದಲ್ಲೊಂದು ಪರದೆ. ಪರದೆಯ ಹಿಂದೆ ನಿಂತು ಅಂಗಿ ಬಿಚ್ಚಿ ಕೊಟ್ಟರೆ, ಹೊರಗಿನವರಿಗೆ ಕಾಣದ ಹಾಗೆ ಒಳಗಡೆ ಒಂದು ಜೇಬು ಕೂರಿಸಿ ಕೊಡುತ್ತಾಳೆ. ಗಂಡಸರಿಗೆ ಕಂಕುಳ ಕೆಳಗೆ, ಹೆಂಗಸರಿಗೆ ಲಂಗದ ಸೊಂಟಪಟ್ಟಿಯ ಒಳಗೆ. ಪಟ್ಟಣಕ್ಕೆ ಹೊಸದಾಗಿ ಬಂದವರೇ ಅವಳ ಗಿರಾಕಿಗಳು. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಕೆಲಸ ಹುಡುಕಿಕೊಂಡು ಬಂದವರು.

ಈ ಕೆಲಸ ಶುರು ಮಾಡಿದ್ದು ಅವಳ ಗಂಡ. ಮದುವೆಯಾದ ಹೊಸತರಲ್ಲಿ ಇಬ್ಬರೂ ಇದೇ ನಿಲ್ದಾಣದಲ್ಲಿ ಇಳಿದಿದ್ದರು. ಗಂಡನ ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಅವನ ಅಪ್ಪ ಕೊಟ್ಟ ಕತ್ತರಿ. ಯಾರೋ ಬಂದು "ಅಣ್ಣಾ, ಬೆನ್ನ ಮೇಲೆ ಹಕ್ಕಿ ಗಲೀಜು ಮಾಡಿದೆ ನೋಡಿ" ಎಂದ. ಗಂಡ ಚೀಲ ಕೆಳಗಿಟ್ಟು ಬೆನ್ನು ನೋಡಿಕೊಂಡ. ತಿರುಗುವಷ್ಟರಲ್ಲಿ ಚೀಲವೂ ಇಲ್ಲ, ಹೇಳಿದವನೂ ಇಲ್ಲ. ಕತ್ತರಿಯಿಲ್ಲದ ಟೈಲರ್ ಮೂರು ದಿನ ನಿಲ್ದಾಣವೆಲ್ಲ ಸುತ್ತಿ ಹುಡುಕಿದ. ಆಮೇಲೆ ಬಾಡಿಗೆ ಮೆಷಿನ್ನು ತಂದು, ತನ್ನಂತೆ ಇಳಿದವರಿಗೆ ಜೇಬು ಹೊಲಿಯುತ್ತಾ ಕೂತುಬಿಟ್ಟ. ಅವನು ತೀರಿಕೊಂಡ ಮೇಲೆ ಅವಳು ಕೂತಳು. ಆಗಲೇ ಜೇಬಕ್ಕ ಎಂಬ ಹೆಸರು ಬಂತು.

ಹೊಲಿಯುವಾಗ ಬಾಯಿಗೆ ಬಿಡುವಿಲ್ಲ.

"ಎಲ್ಲಾ ಒಂದೇ ಕಡೆ ಇಡಬೇಡಿ ಅಣ್ಣಾ. ಬಸ್ಸಿಗೆ, ಟೀಗೆ ಬೇಕಾದ ಚಿಲ್ಲರೆ ಮೇಲಿನ ಜೇಬಲ್ಲಿರಲಿ. ಅದು ಹೋದ್ರೆ ಹೋಗ್ಲಿ."

"ಯಾರಾದ್ರೂ ಬೆನ್ನು ಗಲೀಜಾಗಿದೆ ಅಂದ್ರೆ, ಆಗ್ಲಿ ಬಿಡಿ ಅನ್ನಿ. ಗಲೀಜಲ್ಲೇ ಮುಂದೆ ನಡೀರಿ."

"ಮುಖ್ಯವಾದ್ದು, ಮುಟ್ಟಿ ನೋಡ್ಕೋಬೇಡಿ. ಹಲ್ಲು ನೋಯೋವಾಗ ನಾಲಿಗೆ ಅಲ್ಲಿಗೇ ಹೋಗುತ್ತಲ್ಲ, ಹಂಗೆ ಕೈ ಜೇಬಿಗೇ ಹೋಗುತ್ತೆ. ಕಳ್ಳ ನಿಮ್ಮ ಮುಖ ನೋಡಲ್ಲ, ಕೈ ನೋಡ್ತಾನೆ."

ಇಷ್ಟು ಹೇಳಿ ಕೊನೆಯಲ್ಲಿ ಜೇಬಿನ ಬಾಯಿಯ ಮೂಲೆಗೆ ಕಪ್ಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕುತ್ತಿದ್ದಳು, ಒಂದರ ಮೇಲೊಂದು ಅಡ್ಡಡ್ಡವಾಗಿ. ಜೇಬು ಮೂಲೆಯಲ್ಲೇ ಮೊದಲು ಹರಿಯುತ್ತದೆ, ಅದಕ್ಕೇ ಗಂಡ ಕಲಿಸಿದ ಗಂಟು ಅದು. ಅಂಗಿ ಯಾವ ಬಣ್ಣದ್ದೇ ಇರಲಿ, ದಾರ ಮಾತ್ರ ಕಪ್ಪು. ಗಂಡನೂ ಕಪ್ಪು ದಾರವನ್ನೇ ಹಾಕುತ್ತಿದ್ದ. ಹೊರಗಿನಿಂದ ನೋಡಿದರೆ ಎಳ್ಳಿನಷ್ಟು ಕಪ್ಪು ಚುಕ್ಕೆ. ಅದನ್ನು ಬೆರಳಲ್ಲಿ ಸವರಿ, "ಇದು ನಮ್ಮ ಯಜಮಾನ್ರ ರುಜು. ಇದು ಬಿದ್ದ ಜೇಬಿಂದ ಇವತ್ತಿನವರೆಗೆ ಏನೂ ಹೋಗಿಲ್ಲ. ಒಬ್ರೂ ಬಂದು ದೂರು ಹೇಳಿಲ್ಲ" ಎನ್ನುತ್ತಿದ್ದಳು. ಗಂಡ ಬಿಟ್ಟು ಹೋದ ಆಸ್ತಿ ಎಂದರೆ ಆ ಒಂದು ಮಾತು.

ಎದುರಿನ ಫುಟ್‌ಪಾತಿನಲ್ಲಿ ಬಾಚಣಿಗೆ ಮಾರುವವನೊಬ್ಬ ಕೂರುತ್ತಿದ್ದ. ತಲೆ ನುಣ್ಣಗೆ ಬೋಳು. ಜೇಬಕ್ಕ ಅವನನ್ನು ಬೋಳಣ್ಣ ಎಂದೇ ಕರೆಯುವುದು.

"ಏನ್ ಬೋಳಣ್ಣ, ನಿನ್ನ ತಲೆ ನೋಡಿ ಯಾರಪ್ಪ ಬಾಚಣಿಗೆ ತಗೋತಾರೆ?"

"ಬಾಚಿ ಬಾಚಿ ಹಿಂಗಾಯ್ತು ಅಂತೀನಿ ಅಕ್ಕ. ಮಾಲು ಅಷ್ಟು ಗಟ್ಟಿ!"

ಪಿನ್ನು, ಗುಂಡಿ ಅವನ ಹತ್ತಿರವೇ ಕೊಳ್ಳುತ್ತಿದ್ದಳು. ಮಧ್ಯಾಹ್ನ ಒಂದು ಟೀ ತರಿಸಿ ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಒಮ್ಮೆ ಅವನೂ ತನ್ನ ಅಂಗಿಗೆ ಒಳಜೇಬು ಹಾಕಿಸಿಕೊಂಡಿದ್ದ. ಆ ನಾಲ್ಕು ಹೊಲಿಗೆ ಯಾಕೆ ಎಂದು ಕೇಳಿದ್ದ. ಅವಳು ಸಂತೋಷದಿಂದ ಎಲ್ಲಾ ವಿವರಿಸಿದ್ದಳು.

ಒಂದು ಮಧ್ಯಾಹ್ನ ಗಾರೆ ಕೆಲಸದವನೊಬ್ಬ ಬಂದ. ಬೆರಳ ಸಂದಿಯಲ್ಲಿ ಇನ್ನೂ ಸಿಮೆಂಟು. ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ, ಹೊಟ್ಟೆಯ ಆಪರೇಷನ್ ಆಗಬೇಕು. ಅವನ ಹತ್ತಿರ ಇದ್ದದ್ದು ತಾಯಿಯ ಕಾಲದ ಒಂದು ಚಿನ್ನದ ಸರ. ಮಾರನೆಯ ದಿನ ಅದನ್ನು ಚಿನ್ನದಂಗಡಿಗೆ ಮಾರಿ, ಬಂದ ಹಣ ಆಸ್ಪತ್ರೆಗೆ ಕಟ್ಟಬೇಕು. ಜೇಬಕ್ಕ ಅವನ ತಿಳಿನೀಲಿ ಅಂಗಿಯ ಕಂಕುಳ ಕೆಳಗೆ ಜೇಬು ಕೂರಿಸಿದಳು, ಎಂದಿನಂತೆ ಎಲ್ಲ ಮಾತೂ ಹೇಳಿದಳು, ಎಂದಿನಂತೆ ನಾಲ್ಕು ಹೊಲಿಗೆ ಹಾಕಿದಳು. ಅವನು ಕೈ ಮುಗಿದು ಹೋದ.

ಮಾರನೆಯ ದಿನ ಅವನೇ ಮತ್ತೆ ಬಂದ. ಮೇಲೊಂದು ಟವೆಲ್ ಹೊದ್ದಿದ್ದ. ಪರದೆಯ ಹಿಂದೆ ಹೋಗಿ ಅಂಗಿ ಬಿಚ್ಚಿ ಕೊಟ್ಟ.

"ಅಕ್ಕ, ಇದೊಂದು ಹೊಲಿದುಕೊಡಿ. ಹರಿದಿದ್ದು ಗೊತ್ತಾಗಬಾರದು."

ಜೇಬಕ್ಕ ಅಂಗಿ ತಿರುಗಿಸಿದಳು. ಕಂಕುಳ ಕೆಳಗೆ ಬ್ಲೇಡು ಆಡಿತ್ತು.

"ಸರ?"

"ಹೋಯ್ತು. ಸಿಟಿ ಬಸ್ಸಲ್ಲಿ. ನಿಮ್ಮ ಹೊಲಿಗೆ ಏನೂ ಬಿಟ್ಟಿಲ್ಲಕ್ಕ, ಗಟ್ಟಿಯಾಗೇ ಇತ್ತು. ನಾನು ಮುಟ್ಟಿನೂ ನೋಡ್ಕೊಂಡಿಲ್ಲ, ನೀವು ಹೇಳಿದ ಹಾಗೆ ಕೈ ಕಟ್ಕೊಂಡೇ ನಿಂತಿದ್ದೆ. ಅದೆಂಗೆ ಗೊತ್ತಾಯ್ತೋ ಅವರಿಗೆ."

"ಆಪರೇಷನ್ನು?"

"ನೋಡ್ಬೇಕು. ಊರಲ್ಲಿ ಮೇಸ್ತ್ರಿನ ಕೇಳಿದೀನಿ." ಅವನು ನೆಲ ನೋಡಿದ. "ಈಗ ಸಂಜೆ ನೋಡೋಕೆ ಬಿಡ್ತಾರೆ. ಹರಕು ಅಂಗೀಲಿ ಹೋದ್ರೆ ಅವಳು ಒಂದೇ ಸಲಕ್ಕೆ ಕಂಡುಹಿಡೀತಾಳೆ. ಮೊದ್ಲೇ ಹೆದರಿದಾಳೆ. ಬೇರೆ ಅಂಗಿ ತಂದಿಲ್ಲ ನಾನು. ಗೊತ್ತಾಗದ ಹಾಗೆ ಮಾಡ್ಕೊಡಿ, ಅಷ್ಟೇ."

ದೂರು ಹೇಳಲು ಬಂದವನಲ್ಲ ಅವನು. ಅವಳ ಕೈಯ ಮೇಲಿನ ನಂಬಿಕೆಯಿಂದಲೇ ಬಂದಿದ್ದ.

ಜೇಬಕ್ಕ ಅಂಗಿಯನ್ನು ಬೆಳಕಿಗೆ ಹಿಡಿದಳು. ಬಟ್ಟೆ ಓದುವುದು ಅವಳಿಗೆ ಗೊತ್ತು. ಬ್ಲೇಡು ಎಲ್ಲೆಲ್ಲೋ ತಡಕಾಡಿರಲಿಲ್ಲ. ಕಪ್ಪು ಚುಕ್ಕೆಯ ಪಕ್ಕದಲ್ಲಿ ಶುರುವಾಗಿ, ಜೇಬಿನ ಅಗಲಕ್ಕೆ ಸರಿಯಾಗಿ ಸಾಗಿ ನಿಂತಿತ್ತು. ಅವಳೇ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟಿದ್ದರೂ ಅಷ್ಟು ನೇರ ಬರುತ್ತಿರಲಿಲ್ಲ. ನಾಲ್ಕು ಹೊಲಿಗೆ ಮಾತ್ರ ಮೂಲೆಯಲ್ಲಿ ಭದ್ರವಾಗಿ ಕೂತಿತ್ತು.

ಒಬ್ಬರೂ ಬಂದು ದೂರು ಹೇಳಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದಳು. ಯಾಕೆ ಬರುತ್ತಾರೆ? ಕಳೆದುಕೊಂಡ ಪರಊರಿನವನು ಜೇಬು ಹೊಲಿದವಳನ್ನು ಹುಡುಕಿಕೊಂಡು ಬರುವುದಿಲ್ಲ. ಸಿಕ್ಕ ಬಸ್ಸು ಹತ್ತಿ ಊರಿಗೆ ಹೋಗುತ್ತಾನೆ. ಇವನಿಗೆ ಬೇರೆ ಅಂಗಿ ಇರಲಿಲ್ಲ, ಹೆಂಡತಿಯ ಕಣ್ಣಿಗೆ ಹೆದರಿದ್ದ, ಅದಕ್ಕೆ ಬಂದ. ಆ ಚುಕ್ಕೆಯ ವಿಷಯ ಕೇಳಿ ತಿಳಿದುಕೊಂಡು, ದಿನವಿಡೀ ಎದುರಿಗೇ ಕೂತು ನೋಡುವವನು ಒಬ್ಬನೇ.

ಗಾರೆಯವನನ್ನು ಸ್ಟೂಲಿನ ಮೇಲೆ ಕೂರಿಸಿ, "ಒಂದು ನಿಮಿಷ ಬಂದೆ" ಎಂದು ಅಂಗಿ ಹಿಡಿದುಕೊಂಡೇ ರಸ್ತೆ ದಾಟಿದಳು. ಬಾಚಣಿಗೆಗಳ ಮೇಲೆ ಅಂಗಿ ಹಾಸಿದಳು.

"ಬೋಳಣ್ಣ, ಇದು ಏನು ಹೇಳು."

ಅವನು ಚುಕ್ಕೆ ನೋಡಿದ, ಬ್ಲೇಡಿನ ಗಾಯ ನೋಡಿದ. ತಮಾಷೆ ಮಾಡಲು ಬಾಯಿ ತೆರೆದವನು ಮುಚ್ಚಿಕೊಂಡ.

"ನಾನು ಯಾರ ಮೈಗೂ ಕೈ ಹಾಕಿಲ್ಲ ಅಕ್ಕ."

"ಮತ್ತೆ?"

"ನಿನ್ನ ಹತ್ರ ಯಾರು ಹೋಗ್ತಾರೆ, ಬರ್ತಾರೆ ಅಂತ ಜೇಬು ಕತ್ತರಿಸೋರಿಗೆ ತೋರಿಸ್ತಿದ್ದೆ. ಚುಕ್ಕೆ ನೋಡ್ಕೊಳ್ಳಿ ಅಂತ ಹೇಳಿಕೊಟ್ಟಿದ್ದೆ. ಅಷ್ಟೇ."

"ಅಷ್ಟೇನಾ! ನನ್ನ ಟೀ ಕುಡಿದ ಬಾಯಲ್ಲಿ ಹೇಳಿಕೊಟ್ಟೆಯಲ್ಲೋ! ಎಷ್ಟು ಜನಕ್ಕೆ ಹಿಂಗಾಗಿದೆ?"

"ಕೇಳಬೇಡ ಅಕ್ಕ."

"ಎಷ್ಟು ಜನ?"

"ಕೇಳಬೇಡ ಅಂದ್ನಲ್ಲ." ಅವನ ಕಣ್ಣಲ್ಲಿ ನೀರು ಬಂತೋ ಬಿಸಿಲಿಗೆ ಹಾಗೆ ಕಂಡಿತೋ. "ಈಗ ಬಾಚಣಿಗೆ ಯಾರು ತಗೋತಾರೆ ಹೇಳು. ಹೊಟ್ಟೆ ಕೇಳುತ್ತಾ?"

"ಆ ಸರ ವಾಪಸ್ ತರಿಸು. ಕಾಲಿಗೆ ಬೀಳ್ತೀನಿ."

"ಅದು ಆಗಲೇ ಎಲ್ಲೋ ಹೋಗಿ ಕರಗಿರುತ್ತೆ. ನನ್ನ ಕೈಲಿ ಏನೂ ಇಲ್ಲ."

ಜೇಬಕ್ಕ ವಾಪಸು ಬಂದು ಮೆಷಿನ್ನಿನ ಮುಂದೆ ಕೂತಳು. ಸ್ವಲ್ಪ ದೂರದ ಅಂಗಡಿಯಲ್ಲಿ ಗುಂಡಿ ಹೊಲಿಯುವ ಮಗಳು ಅಷ್ಟು ಹೊತ್ತಿಗೆ ಊಟದ ಡಬ್ಬಿ ತಂದಿದ್ದಳು. ತಾಯಿ ಮೆಲ್ಲಗೆ ವಿಷಯ ಹೇಳಿದಳು. ಮಗಳು ಗಾರೆಯವನತ್ತ ಕಣ್ಣು ಹಾಯಿಸಿ ಕಿವಿಯಲ್ಲಿ ಪಿಸುಗುಟ್ಟಿದಳು:

"ಅಮ್ಮ, ಬಾಯಿ ಬಿಡಬೇಡ. ಅವನಿಗೇನು ಗೊತ್ತು? ಹೊಲಿದುಕೊಡು, ಹೋಗ್ತಾನೆ. ಜೇಬಕ್ಕನ ಗುರುತಿಂದಲೇ ಕಳ್ಳತನ ಅಂತ ಸುದ್ದಿ ಆದ್ರೆ ನಾಳೆಯಿಂದ ಈ ಕಡೆ ನಾಯಿನೂ ತಲೆ ಹಾಕಲ್ಲ. ನಿನ್ನ ಹೊಟ್ಟೆ ಮೇಲೆ ನೀನೇ ಕಲ್ಲು ಹಾಕ್ಕೋತೀಯಾ?"

"ಊಟ ಇಟ್ಟು ಹೋಗು ನೀನು."

ಮಗಳು ಸಿಡುಕಿಕೊಂಡೇ ಹೋದಳು.

ಜೇಬಕ್ಕ ಅಂಗಿಯ ಒಳಮಡಿಕೆಯಿಂದಲೇ ನೀಲಿ ಎಳೆ ಬಿಚ್ಚಿ ತೆಗೆದಳು. ಮೆಷಿನ್ನು ಮುಟ್ಟದೆ ಕೈಯಲ್ಲೇ ಎಳೆಗೆ ಎಳೆ ಕೂಡಿಸಿ ರಫು ಮಾಡಿದಳು. ಬಹಳ ಹೊತ್ತು ಹಿಡಿಯಿತು. ಗಾರೆಯವನು ಟವೆಲ್ ಹೊದ್ದು ಕೂತಿದ್ದ. ಕೊನೆಗೆ ಆ ಕಪ್ಪು ನಾಲ್ಕು ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿ ತೆಗೆದಳು. ಗಂಡನ ಕಾಲದಿಂದ ಹಾಕುತ್ತಾ ಬಂದಿದ್ದ ಆ ಗಂಟನ್ನು ಬಿಚ್ಚಿದ್ದು ಅದೇ ಮೊದಲು.

"ಅಣ್ಣಾ, ಒಂದು ಮಾತು ಹೇಳ್ಬೇಕು."

"ಹೇಳಿ."

"ಕಳ್ಳರಿಗೆ ದಾರಿ ತೋರಿಸಿದ್ದು ನನ್ನ ಹೊಲಿಗೆ. ಈ ಚುಕ್ಕೆ ನೋಡಿ ಬ್ಲೇಡು ಹಾಕಿದಾರೆ. ನೀವು ನನ್ನ ಹತ್ರ ಬರದೆ, ಸುಮ್ಮನೆ ಕಾಲುಚೀಲದೊಳಗೆ ಇಟ್ಕೊಂಡಿದ್ರೂ ಉಳೀತಿತ್ತೇನೋ."

ಅವನು ಅವಳ ಅಂಗೈಯಲ್ಲಿದ್ದ ಕಪ್ಪು ದಾರದ ಚೂರುಗಳನ್ನು ನೋಡಿದ. ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಅಂಗಿ ಹಾಕಿಕೊಂಡು ಗುಂಡಿ ಹಾಕಿಕೊಂಡ. ತೋಳೆತ್ತಿ ಕೇಳಿದ:

"ಈಗ ಕಾಣುತ್ತಾ?"

"ಇಲ್ಲ ಅಣ್ಣ."

"ಅವಳ ಕಣ್ಣು ಬಲು ಚುರುಕು."

"ಕಾಣಲ್ಲ."

"ಸರಿ ಹಂಗಾದ್ರೆ" ಎಂದು ಹೊರಟುಹೋದ.

ಮತ್ತೆ ಬರಲಿಲ್ಲ. ಜೇಬಕ್ಕ ತಡೆಯಲಾರದೆ ಒಂದು ಸಂಜೆ ದೊಡ್ಡಾಸ್ಪತ್ರೆಗೆ ಹೋದಳು. ಬಾಗಿಲಲ್ಲಿ ಕಾವಲಿನವನು ಯಾರನ್ನು ನೋಡಬೇಕು ಎಂದ.

"ಗಾರೆ ಕೆಲಸದವರ ಹೆಂಡತಿ. ಹೊಟ್ಟೆ ಆಪರೇಷನ್ನು."

"ಅಂಥವರು ಒಳಗೆ ಬೇಕಾದಷ್ಟು ಜನ ಇದಾರೆ ಅಮ್ಮ. ನಿಮಗೆ ಏನಾಗಬೇಕು ಅವರು?"

ಜೇಬಕ್ಕ ಹೊರಗಿನ ಬೆಂಚಿನ ಮೇಲೆ ಕೂತು, ಬರುವ ಹೋಗುವ ತಿಳಿನೀಲಿ ಅಂಗಿಗಳನ್ನೆಲ್ಲ ನೋಡಿ ಎದ್ದು ಬಂದಳು. ಆಪರೇಷನ್ ಆಯಿತೋ ಇಲ್ಲವೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಬೋಳಣ್ಣ ಅವಳು ಅಂಗಿ ತೋರಿಸಿದ ದಿನವೇ ಗಂಟುಮೂಟೆ ಕಟ್ಟಿದ್ದ. ಪೊಲೀಸರಿಗೆ ಹೇಳಿದಳು. ಬರೆದುಕೊಂಡರು, ಅಷ್ಟೇ. ಅವನ ಜಾಗದಲ್ಲಿ ಈಗ ಇನ್ನೊಬ್ಬ ಕೂತಿದ್ದಾನೆ, ಮೊಬೈಲ್ ಕವರು ಮಾರುತ್ತಾನೆ. ಅವನೂ ಅಕ್ಕ ಅನ್ನುತ್ತಾನೆ. ಅವಳು ತಲೆ ಎತ್ತುವುದಿಲ್ಲ.

ಮಗಳು ಒಂದು ಉಪಾಯ ಹೇಳಿದ್ದಳು. "ಜೇಬು ಇಲ್ಲದ ಕಡೆ ನಾಲ್ಕಾರು ಚುಕ್ಕೆ ಹಾಕಿಬಿಡಮ್ಮ, ಕಳ್ಳರ ತಲೆ ಕೆಡಲಿ."

"ಬ್ಲೇಡು ಸುಳ್ಳು ಚುಕ್ಕೆಗೆ ಬಿದ್ರೂ ಒಳಗಿರೋದು ಮೈಯೇ ಕಣೆ" ಎಂದಳು ಜೇಬಕ್ಕ.

ಈಗ ಬಟ್ಟೆಯ ಬಣ್ಣದ್ದೇ ದಾರ ಹಾಕುತ್ತಾಳೆ. ಮೂಲೆಯ ಗಂಟು ಒಳಪದರಕ್ಕಷ್ಟೇ. ಕಪ್ಪು ದಾರದ ಉಂಡೆ ಮೆಷಿನ್ನಿನ ಡ್ರಾಯರಿನಲ್ಲಿ ಹಾಗೇ ಬಿದ್ದಿದೆ. ಹಳೆಯ ಮಾತನ್ನೂ ಬಿಟ್ಟಿದ್ದಾಳೆ. ಬಂದವರಿಗೆ ಮೊದಲು ಹೇಳುವುದೇ ಇದು: "ನನ್ನ ಜೇಬಿಂದಲೂ ಕಳ್ಳತನ ಆಗಿದೆ, ಗೊತ್ತಿರಲಿ. ಇಲ್ಲಿ ಹೊಲಿಸಿದೆ ಅಂತ ಯಾರ ಹತ್ರನೂ ಹೇಳಬೇಡಿ. ಒಂದರ್ಧ ನನ್ನ ಜೇಬಲ್ಲಿಡಿ, ಇನ್ನರ್ಧ ಬೇರೆ ಎಲ್ಲಾದ್ರೂ ಇಡಿ. ಎಲ್ಲಿ ಅಂತ ನನಗೂ ಹೇಳಬೇಡಿ." ಇದನ್ನು ಕೇಳಿ ಅರ್ಧ ಜನ ಎದ್ದು ಹೋಗುತ್ತಾರೆ. ಲಾಡ್ಜಿನ ಯಜಮಾನ "ಇಂಥಾ ವ್ಯಾಪಾರ ಎಲ್ಲೂ ಕಂಡಿಲ್ಲಮ್ಮ" ಎಂದು ತಲೆ ಚಚ್ಚಿಕೊಳ್ಳುತ್ತಾನೆ. ಮಗಳು ಮಾತು ಕಮ್ಮಿ ಮಾಡಿದ್ದಾಳೆ, ಡಬ್ಬಿ ಮಾತ್ರ ತರುತ್ತಾಳೆ.

ಉಳಿದವರಿಗೆ ಹೊಲಿದು ಕೊಟ್ಟು, ಅಂಗಿ ಕೈಗಿಡುವಾಗ ಒಂದು ಕೇಳಿಕೊಳ್ಳುತ್ತಾಳೆ. "ಊರಿಗೆ ಹೋಗೋ ಬಸ್ಸು ಹತ್ತೋ ಮುಂಚೆ ಒಂದು ಸಲ ಈ ಕಡೆ ಬಂದು ಹೋಗಿ. ಇದೆಯೋ ಹೋಯ್ತೋ, ಒಂದು ಮಾತು ಹೇಳಿ ಹೋಗಿ." ಎಲ್ಲರೂ ಆಯಿತು ಎನ್ನುತ್ತಾರೆ. ಬರುವವರು ಕಮ್ಮಿ. ಬಸ್ಸಿನ ಅವಸರ, ಗಂಟುಮೂಟೆ, ಯಾರಿಗೆ ನೆನಪಿರುತ್ತದೆ? ನಿಲ್ದಾಣದಿಂದ ಬಸ್ಸು ಹೊರಟಾಗಲೆಲ್ಲ ಅವಳ ಕಾಲು ಮೆಷಿನ್ನು ತುಳಿಯುವುದನ್ನು ನಿಲ್ಲಿಸುತ್ತದೆ. ಬಸ್ಸು ಮರೆಯಾದ ಮೇಲೆ ಮತ್ತೆ ತುಳಿಯುತ್ತಾಳೆ.

ನೀವು ಆ ಪಟ್ಟಣಕ್ಕೆ ಹೋದರೆ, ನಿಲ್ದಾಣದ ಎದುರಿನ ಹಳೆಯ ಲಾಡ್ಜಿನ ಮೆಟ್ಟಿಲ ಕೆಳಗೆ ಬಗ್ಗಿ ನೋಡಿ. ಹೊಲಿಸುವುದು ಬಿಡುವುದು ನಿಮಗೆ ಸೇರಿದ್ದು. ಹೊಲಿಸಿದರೆ ಮಾತ್ರ, ಊರಿಗೆ ಹೊರಡುವ ದಿನ ಸ್ವಲ್ಪ ಮುಂಚೆ ಬನ್ನಿ. ರಸ್ತೆ ದಾಟಿ ಅವಳ ಹತ್ತಿರ ಹೋಗಿ. ಉಳಿದಿದ್ದರೆ ಉಳಿಯಿತು ಅನ್ನಿ. ಹೋಗಿದ್ದರೂ ಸುಳ್ಳು ಹೇಳಬೇಡಿ.