ಸನ್ಮಾನದ ನಡುವೆ ಒಂದು ಫೈನಲ್

ಸಬೀನಾಳ ಬಗ್ಗೆ ಬರೆದುಕೊಡು ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಬೇಕಾಗಿದ್ದವರು ಸನ್ಮಾನಕ್ಕೆಂದು ಅವಳ ಫೋಟೊ ಹಾಕಿ ದೊಡ್ಡ ಬ್ಯಾನರ್ ಮಾಡಿಸಿದರು. ಅದರಲ್ಲಿ ‘ಜಿಲ್ಲೆಯ ಹೆಮ್ಮೆಯ ಪುತ್ರಿ ಶಬಾನಾ’ ಎಂದು ಅಚ್ಚು ಹಾಕಿಸಿ ಕೈ ತೊಳೆದುಕೊಂಡರು. ಕೆಳಗೆ ಸಾಲುಸಾಲಾಗಿದ್ದ ಗಣ್ಯರ ಹೆಸರುಗಳಲ್ಲಿ ಮಾತ್ರ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಆ ಸಿಟ್ಟಿಗೇ ನಾನು ಬರೆಯಲು ಕೂತಿದ್ದೇನೆ.

ನಾನು ನೇತ್ರಾವತಿ. ಕುಕನೂರಿನ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸ. ಸಬೀನಾ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಅವಳು ಮೈಕ್ ಹಿಡಿದ ಕಡೆಯೆಲ್ಲ ಎದುರಿಗೆ ಕ್ಯಾಮೆರಾ ಹಿಡಿದು ನಿಂತವಳು ನಾನೇ.

ಅವಳ ತಂದೆ ಜಿಲಾನಸಾಬರದು ಮೈಕ್‌ಸೆಟ್ ಬಾಡಿಗೆಯ ವ್ಯವಹಾರ. ಮದುವೆ, ಉರುಸು, ಜಯಂತಿ, ಚುನಾವಣೆ, ಯಾವುದಿದ್ದರೂ ನಮ್ಮ ಕಡೆ ಅವರ ಸ್ಪೀಕರುಗಳೇ ಕೂಗಬೇಕು. ಸಬೀನಾ ಚಿಕ್ಕವಳಿದ್ದಾಗಿನಿಂದ ಟಂಟಂ ಗಾಡಿಯಲ್ಲಿ ಆ ಪೆಟ್ಟಿಗೆಗಳ ಮೇಲೆ ಕೂತು ಅಪ್ಪನ ಜೊತೆ ಹೋಗುತ್ತಿದ್ದಳು. ಮೈಕ್ ಸರಿಯಿದೆಯೇ ನೋಡಲು ಎಲ್ಲರೂ ‘ಹಲೋ, ಹಲೋ’ ಅಂದರೆ, ಇವಳು ಎದುರಿಗೆ ಹುಡುಗರು ಗೋಲಿ ಆಡುತ್ತಿದ್ದುದನ್ನೇ ಬಾಯಿತುಂಬ ವರ್ಣಿಸುತ್ತಿದ್ದಳು. ಹೈಸ್ಕೂಲಿನ ಕ್ರೀಡಾಕೂಟದಲ್ಲಿ ಯಾರನ್ನೂ ಕೇಳದೆ ಮೈಕ್ ಎತ್ತಿಕೊಂಡು ಕಬಡ್ಡಿಯ ಕಾಮೆಂಟರಿ ಹೇಳಿದಳು. ಆಮೇಲೆ ಸುತ್ತಲಿನ ಪಂದ್ಯಾವಳಿಗಳಿಗೆ ಅವಳನ್ನು ಕರೆಯತೊಡಗಿದರು.

ಕರೆಯುತ್ತಿದ್ದುದು ಯಾತಕ್ಕೆ? ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ಹೂಗುಚ್ಛ. ಟಾಸ್ ಹಾಕಿದ ಕೂಡಲೇ ಮೈಕ್ ಗಂಡಸರ ಕೈಗೆ. ‘ಸಾಬರ ಹುಡುಗಿ ಎಷ್ಟು ಛಲೋ ಕನ್ನಡ ಮಾತಾಡ್ತಾಳ ನೋಡ್ರಿ’ ಎಂದು ಹೊಗಳುವವರು ಬೇರೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು ಇನ್ನೇನು ಮಾತಾಡಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಅವಳು ಮಾತ್ರ ನಕ್ಕು ಸುಮ್ಮನಾಗುತ್ತಿದ್ದಳು. ಸಿಟ್ಟು ಮಾಡಿಕೊಳ್ಳುವ ಕೆಲಸವೆಲ್ಲ ನನ್ನ ಪಾಲಿಗೆ.

ಕೊಪ್ಪಳದಲ್ಲಿ ಪತ್ರಿಕೋದ್ಯಮ ಓದಿ ಹುಬ್ಬಳ್ಳಿಯ ಒಂದು ಚಾನೆಲ್ಲಿಗೆ ಕ್ರೀಡಾ ವರದಿಗಾರ್ತಿಯಾದಳು. ಹಿಟ್ನಾಳದ ಹೆದ್ದಾರಿ ಬದಿಯಲ್ಲಿ ನಸುಕಿನಲ್ಲಿ ಓಡುವ ಹುಡುಗಿಯರನ್ನು, ಮರಳಿಯ ಗದ್ದೆ ಬದುವಿನ ಮೇಲೆ ಜಿಗಿತ ಕಲಿತವನನ್ನು ಸ್ಕೂಟಿ ಮೇಲೆ ಹುಡುಕಿಕೊಂಡು ಹೋಗಿ ತೋರಿಸಿದವಳು ಅವಳು. ಜನ ನೋಡಿದರು. ಚಾನೆಲ್ಲಿನವರು ಭಾನುವಾರದ ಕ್ರೀಡಾ ಸುದ್ದಿ ಓದಲು ಅವಳನ್ನೇ ಕೂರಿಸಿದರು. ಅವಳ ತಾಯಿ ಶಾಹಜಾದಬಿ ಓಣಿಗೆಲ್ಲ ಸಕ್ಕರೆ ಹಂಚಿದರು. ಆದರೆ ಅವಳಿಗೆ ಬೇಕಾಗಿದ್ದುದು ಅದಲ್ಲ. ಮುಗಿದ ಆಟದ ಸುದ್ದಿ ಓದುವುದಲ್ಲ, ನಡೆಯುವ ಆಟವನ್ನು ಹೇಳುವುದು. ಚಾನೆಲ್ಲಿನಲ್ಲಿ ಆ ಕೆಲಸಕ್ಕೆ ಇದ್ದವರೆಲ್ಲ ಗಂಡಸರು.

ಹೋದ ವರ್ಷ ಅದೇ ಚಾನೆಲ್ಲು ಮಹಿಳಾ ಕಬಡ್ಡಿ ಲೀಗ್ ಒಂದನ್ನು ನೇರಪ್ರಸಾರ ಮಾಡುವ ಹಕ್ಕು ಪಡೆಯಿತು. ಸಬೀನಾ ಕ್ರೀಡಾ ವಿಭಾಗದ ಮುಖ್ಯಸ್ಥರ ಮುಂದೆ ಹೋಗಿ ನಿಂತಳು. ಅವರು, “ಒಂದು ಪೂರ್ತಿ ಪಂದ್ಯ, ಮೊದಲಿಂದ ಕೊನೀತನಕ ನೀನೊಬ್ಬಾಕಿನ ಹೇಳಿದ್ದು ಕಳಸು. ನಡುವ ಕತ್ತರಿಸಬಾರದು. ಕೇಳಿ ಹೇಳ್ತೀನಿ” ಅಂದರು.

ಕೇಳಲು ಸುಲಭ. ಅವಳ ಹತ್ತಿರ ಅಂಥದ್ದು ಒಂದೂ ಇರಲಿಲ್ಲ. ಹಿಟ್ನಾಳದಲ್ಲಿ ಅರ್ಧ ಪಂದ್ಯ ಹೇಳಿದ್ದಳು, ಅಷ್ಟರಲ್ಲಿ ಯಾರೋ ಗಣ್ಯರು ಬಂದರೆಂದು ಮೈಕ್ ಕಿತ್ತುಕೊಂಡರು. ಮರಳಿಯಲ್ಲಿ ರೇಡ್ ನಡೆಯುತ್ತಿದ್ದಾಗಲೇ ಕಿವಿಯ ಹತ್ತಿರ ಬಂದು, ದಾರಿಗೆ ಅಡ್ಡ ನಿಂತ ಟ್ರ್ಯಾಕ್ಟರಿನ ನಂಬರು ಕೂಗಲು ಹೇಳಿದರು. ನಮ್ಮ ಮೈದಾನಗಳಲ್ಲಿ ಆಟಗಾರರನ್ನು ಬಿಟ್ಟು ಉಳಿದ ಎಲ್ಲರ ಹೆಸರೂ ಮೈಕಿನಲ್ಲಿ ಬರುತ್ತವೆ.

ಅದೇ ಹೊತ್ತಿಗೆ ಗಂಗಾವತಿಯಿಂದ ಫೋನ್ ಬಂತು. ಅಲ್ಲಿ ಜಿಲ್ಲಾ ಮಟ್ಟದ ಕಬಡ್ಡಿ ನಡೆಸುತ್ತಿದ್ದ ಯುವಕ ಸಂಘದ ಕಾರ್ಯದರ್ಶಿ ಮಾತಾಡಿದ. ಅವಳಿಗೆ ಸನ್ಮಾನ ಮಾಡುತ್ತಾರಂತೆ.

“ಸನ್ಮಾನ ಬ್ಯಾಡ್ರಿ. ಹೆಣ್ಮಕ್ಕಳ ಫೈನಲ್ ಕಾಮೆಂಟರಿ ನನಗ ಬಿಡ್ರಿ, ಪೂರ್ತಿ” ಅಂದಳು ಸಬೀನಾ.

“ಎರಡೂ ಮಾಡೂನಂತ ಬರ್ರಿ ಮೇಡಮ್ಮರ. ನಮ್ಮ ಜಿಲ್ಲಾದ ಮಗಳು ನೀವು, ಇಲ್ಲ ಅಂತೀವೇನು?”

ಫೈನಲ್ಲಿಗೆ ಬಂದದ್ದು ಕುಷ್ಟಗಿ ಮತ್ತು ಯಲಬುರ್ಗಾದ ಹುಡುಗಿಯರು. ಸಬೀನಾ ಹಿಂದಿನ ದಿನ ಎರಡೂ ಊರಿಗೆ ಹೋಗಿ ಅವರ ಅಭ್ಯಾಸ ನೋಡಿ ಬಂದಳು. ಯಾರು ಎಡಕ್ಕೆ ವಾಲಿ ರೇಡ್ ಹೋಗುತ್ತಾರೆ, ಯಾರು ಹಿಮ್ಮಡಿಗೆ ಕೈ ಹಾಕುತ್ತಾರೆ ಎಲ್ಲ ಬಾಯಿಪಾಠ. ಕುಷ್ಟಗಿಯ ನಾಯಕಿ ಜರೀನಾ, ಯಲಬುರ್ಗಾದವಳು ಕಸ್ತೂರೆಮ್ಮ. ಗಂಗಾವತಿಯ ದಾರಿಯುದ್ದಕ್ಕೂ ಅವಳ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಕೂತು ನಾನು ಆ ಹೆಸರುಗಳನ್ನೇ ಕೇಳಿ ಕೇಳಿ ಸುಸ್ತಾದೆ.

ಗಂಗಾವತಿಯಲ್ಲಿ ಮೈಕ್‌ಸೆಟ್ ಕೂಡ ಜಿಲಾನಸಾಬರದೇ. ಮುಖ್ಯ ಅತಿಥಿ ಮಧ್ಯಾಹ್ನಕ್ಕೆ ಬರಬೇಕಾಗಿದ್ದವರು ಬರಲಿಲ್ಲ. ಅವರು ಬರುವ ತನಕ ಫೈನಲ್ ಶುರು ಮಾಡುವಂತಿಲ್ಲ. ಹುಡುಗಿಯರು ಮೈ ಬಿಸಿ ಮಾಡಿಕೊಂಡರು, ಮೈ ಆರಿತು, ಮತ್ತೆ ಬಿಸಿ ಮಾಡಿಕೊಂಡರು. ಕೊನೆಗೆ ಹೊತ್ತು ಇಳಿಯುವಾಗ ಅತಿಥಿಗಳ ಕಾರು ಬಂತು. ಕಾರ್ಯದರ್ಶಿಗೆ ಆಗ ಒಮ್ಮೆಲೇ ಅವಸರ ಶುರುವಾಯಿತು.

“ಎರಡೂ ಒಟ್ಟಿಗೆ ಬಿಡೂನು” ಅಂದ. “ಕೆಳಗ ಆಟ ನಡೀಲಿ, ಮ್ಯಾಲ ಸನ್ಮಾನ ನಡೀಲಿ. ಟೈಮ್ ಉಳೀತೈತಿ.”

“ಮತ್ತ ನನ್ನ ಕಾಮೆಂಟರಿ?” ಅಂದಳು ಸಬೀನಾ.

“ನಮ್ಮ ಸಂಘದ ಹುಡುಗ ಗೌತಮ ಹೇಳ್ತಾನ ಬಿಡ್ರಿ, ಅಂವಗ ರೂಢಿ ಐತಿ. ನೀವು ಸ್ಟೇಜಿನ ಮ್ಯಾಲ ಕುಂದರ್ರಿ.”

“ಫೋನಿನ್ಯಾಗ ಹೂಂ ಅಂದಿದ್ರಿ ನೀವು.”

“ಮೇಡಮ್ಮರ, ಸಾಹೇಬ್ರು ನಿಮ್ಮ ಸಲುವಾಗಿ ಬಂದಾರ. ನೀವು ಕೆಳಗ ಕೂತು ಕೂಗಿದ್ರ ಛಲೋ ಕಾಣ್ತೈತೇನು?”

ಅವಳು ಅಲ್ಲಿಂದಲೇ ಹೊರಟುಬಿಡುತ್ತಾಳೆ ಅಂದುಕೊಂಡೆ. ಆದರೆ ಪೆಟ್ಟಿಗೆಗಳ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಜಿಲಾನಸಾಬರು ಮಗಳನ್ನೇ ನೋಡುತ್ತಿದ್ದರು. ಇಂಥ ಸಂಘದವರನ್ನು ಎದುರು ಹಾಕಿಕೊಂಡರೆ ನಾಳೆ ಅವರ ಗಾಡಿಯನ್ನು ಕರೆಯುವವರಿಲ್ಲ. ಸಬೀನಾ ಮೆಟ್ಟಿಲು ಹತ್ತಿ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಳು.

ಗೌತಮನ ಕಾಮೆಂಟರಿಯನ್ನು ನೀವು ಕೇಳಬೇಕು. “ಕುಷ್ಟಗಿಯ ಅಕ್ಕ ಹೋದರು, ಯಲಬುರ್ಗಾದ ತಂಗಿ ಹಿಡಿದರು” ಎನ್ನುವುದು, ಅಷ್ಟಕ್ಕೇ ನಿಲ್ಲಿಸಿ ಸ್ಟೇಜಿಗೆ ಹಾರ ತಂದವರ ಹೆಸರು ಹೇಳುವುದು. ಇರುವುದು ಎರಡೇ ಮೈಕ್, ಎರಡರ ದನಿಯೂ ಅವೇ ಸ್ಪೀಕರುಗಳಿಗೆ. ಮೇಲೆ ಒಬ್ಬರು ಭಾಷಣ ಹಿಡಿದರೆ ಅವನು ಬಾಯಿ ಮುಚ್ಚಬೇಕು, ಮುಚ್ಚುತ್ತಿದ್ದ. ಜರೀನಾ ಒಂದೇ ರೇಡಿಗೆ ಮೂವರನ್ನು ಔಟ್ ಮಾಡಿ ಬಂದಾಗ ಸ್ಪೀಕರಿನಲ್ಲಿ ಒಬ್ಬ ಮಾಜಿ ಅಧ್ಯಕ್ಷರ ಸಮಾಜಸೇವೆಯ ವಿವರ ಬರುತ್ತಿತ್ತು. ನಾನು ಅಂಕಣದ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಹಲ್ಲು ಕಡಿಯುತ್ತಿದ್ದೆ.

ಸನ್ಮಾನದ ಸರದಿ ಅವಳಿಗೆ ಬರುವ ಹೊತ್ತಿಗೆ ಪಂದ್ಯ ಕೊನೆಯ ಹಂತದಲ್ಲಿತ್ತು, ಎರಡೂ ಕಡೆ ಸಮ ಸಮ ಅಂಕ. ಅತಿಥಿಗಳು ಶಾಲು ಬಿಚ್ಚಿ ಅವಳ ಹಿಂದೆ ಹಿಡಿದು ನಿಂತರು. ಸಂಘದ ಫೋಟೊಗ್ರಾಫರ್, “ಸರ್, ಹಂಗ ಇರ್ರಿ, ಇನ್ನೊಂದು ತಗೋತೀನಿ” ಅಂದ. ಆ ಸಂದಿನಲ್ಲಿ ಕಾರ್ಯದರ್ಶಿ ಅವಸರದಿಂದ ಮೈಕನ್ನು ಅವಳ ಕೈಗಿಟ್ಟು, “ಎರಡ ಮಾತು ಹೇಳಿಬಿಡ್ರಿ, ಎರಡಾ” ಅಂದ.

ಜರೀನಾ ಆಗ ಗೆರೆ ದಾಟುತ್ತಿದ್ದಳು.

“ಕುಷ್ಟಗಿ ಜರೀನಾ ಒಳಗ ಹೋಗ್ಯಾಳ” ಅಂದಳು ಸಬೀನಾ. ಮೈದಾನವೆಲ್ಲ ಒಮ್ಮೆ ತಲೆಯೆತ್ತಿತು. “ಎದುರಿಗೆ ನಾಕು ಮಂದಿ. ಎಡಗಡೆ ಮೂಲ್ಯಾಗ ಕಸ್ತೂರೆಮ್ಮ ಕೆಳಗ ಬಾಗ್ಯಾಳ, ಆಕಿ ಮಾರಿ ನೋಡಬ್ಯಾಡ್ರಿ, ಕೈ ನೋಡ್ರಿ. ಜರೀನಾ ಬಲಕ್ಕ ಹೊಂಟಂಗ ಮಾಡಿ ಎಡಕ್ಕ ತಿರುಗಿದ್ಲು. ಕಸ್ತೂರೆಮ್ಮ ತಾಳ್ಯಾಳ, ಇನ್ನೂ ತಾಳ್ಯಾಳ, ಹಿಮ್ಮಡಿ ಹಿಡದ್ಲು ನೋಡ್ರಿ ಈಗ!”

ಮೈದಾನದಾಚೆಯ ಬೇಳೆಕಾಳಿನ ಅಂಗಡಿಯ ಮುಂದೆ ನಿಂತವರೂ ಓಡಿ ಬಂದರು. ಸ್ಟೇಜಿಗೆ ಮುಖ ಮಾಡಿ ಕೂತಿದ್ದ ಜನ ಕುರ್ಚಿ ತಿರುಗಿಸಿಕೊಂಡರು. ಅತಿಥಿಗಳು ಶಾಲು ಹೊದಿಸಲೂ ಆಗದೆ ಮಡಚಲೂ ಆಗದೆ, ಒಣಗಲು ಹಾಕಲು ಹಗ್ಗ ಹುಡುಕುವವರ ಹಾಗೆ ನಿಂತಿದ್ದರು. ಕಾರ್ಯದರ್ಶಿ ಕೆಳಗೆ ಜಿಗಿದು ಜಿಲಾನಸಾಬರ ಹತ್ತಿರ ಓಡಿದ. “ಮೈಕ್ ಬಂದ್ ಮಾಡ್ರಿ ಮೊದಲ.”

“ಆತ್ರಿ, ಮಾಡ್ತೀನ್ರಿ” ಎಂದು ಜಿಲಾನಸಾಬರು ಪೆಟ್ಟಿಗೆಯ ಹಿಂದೆ ಬಗ್ಗಿದರು. “ಯಾವ ವಾಯರ್ ಅಂತ ನೋಡ್ತೀನ್ರಿ.” ಸ್ವಿಚ್ಚು ಮುಂದೆಯೇ ಇತ್ತು. ಪಂದ್ಯ ಮುಗಿಯುವ ತನಕ ಅವರು ಬಗ್ಗಿಯೇ ಇದ್ದರು.

ಯಲಬುರ್ಗಾ ಒಂದೇ ಅಂಕದಿಂದ ಗೆದ್ದಿತು. ಸಬೀನಾ ಮೈಕ್ ಕೆಳಗಿಟ್ಟು, ಅತಿಥಿಗಳ ಕೈಯಿಂದ ಶಾಲನ್ನು ತಾನೇ ತೆಗೆದುಕೊಂಡು, ನಮಸ್ಕಾರ ಮಾಡಿ ಇಳಿದು ಬಂದಳು. “ನಿಮ್ಮ ಮೈಕ್‌ಸೆಟ್ ಇನ್ನ ಈ ಕಡೆ ಬರೂದು ಬ್ಯಾಡ” ಎಂದು ಕಾರ್ಯದರ್ಶಿ ಜಿಲಾನಸಾಬರಿಗೆ ಎಲ್ಲರ ಮುಂದೆ ಹೇಳಿದ. ಅವರು ವಾಯರ್ ಸುತ್ತುತ್ತ ಹೂಂ ಅಂದರು.

ಇಷ್ಟಾದ ಮೇಲೆ ಒಳ್ಳೆಯದಾಗಬೇಕಿತ್ತು ಅಲ್ಲವೇ? ಆಗಲಿಲ್ಲ. ಯಾರೋ ಮೊಬೈಲಿನಲ್ಲಿ ಶಾಲು ಹಿಡಿದು ನಿಂತ ಅತಿಥಿಗಳನ್ನು ಚಿತ್ರೀಕರಿಸಿ, ಅವಳ ದನಿ ತೆಗೆದು ಯಾವುದೋ ಹಾಡು ಸೇರಿಸಿ ಹರಿಬಿಟ್ಟರು. ಜಿಲ್ಲೆಯೆಲ್ಲ ಅದನ್ನು ನೋಡಿ ಬಿದ್ದು ಬಿದ್ದು ನಕ್ಕಿತು. ಅವಳು ಏನು ಹೇಳಿದಳು ಎಂದು ಕೇಳಿದವರು ಒಬ್ಬರೂ ಇಲ್ಲ. ನಾನು ತೆಗೆದ ವಿಡಿಯೊವನ್ನು ಮುಖ್ಯಸ್ಥರಿಗೆ ಕಳಿಸಿದಳು. ಉತ್ತರ ಬಂತು: “ಭಾಳ ಛಲೋ ಐತಿ. ಆದ್ರ ಇದು ಕೊನೀದಷ್ಟ. ಪೂರ್ತಿ ಪಂದ್ಯ ಅಂದಿದ್ದೆ. ಈ ವಾರ ಮುಗಿಯೂದ್ರಾಗ ಕಳಸು.”

ಆ ದಿನ ಅವಳು ಅತ್ತಳು. ಅವರ ಮನೆಯ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಮೂಗು ಒರೆಸಿಕೊಳ್ಳುತ್ತ, “ನಾಕು ತಾಲೂಕಿನ್ಯಾಗ ಒಂದು ಪಂದ್ಯ ಸಿಗವಲ್ದಲ್ಲ ನೇತ್ರಾ ನನಗ” ಅಂದಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಕಾರ್ಯದರ್ಶಿಗೆ ಬೈದೆ. ಅಷ್ಟೇ ಮಾಡಿದ್ದು.

ಮರುದಿನ ಕಸ್ತೂರೆಮ್ಮ ಫೋನ್ ಮಾಡಿದಳು. ಮುಖ್ಯಸ್ಥರು ಪೂರ್ತಿ ಪಂದ್ಯ ಕೇಳಿದ್ದನ್ನು ಸಬೀನಾ ಏನೂ ಮುಚ್ಚಿಡದೆ ಹೇಳಿದಳು.

“ಅಷ್ಟ ಹೌದಿಲ್ಲೋ ಅಕ್ಕಾ? ಮತ್ತೊಮ್ಮೆ ಆಡ್ತೀವಿ” ಅಂದಳು ಕಸ್ತೂರೆಮ್ಮ. “ಜರೀನಾಗ ನಾ ಹೇಳ್ತೀನಿ. ನೀ ಪೂರ್ತಿ ಹೇಳು.”

“ಕಪ್ ಗೆದ್ದೀರಿ. ಮತ್ತ್ಯಾಕ ಆಡ್ತೀರಿ?”

“ಕಪ್ ನಮ್ಮಲ್ಲೇ ಇರ್ತೈತಿ ತಗೋ.”

ಭಾನುವಾರ ಬೆಳಿಗ್ಗೆ ಯಲಬುರ್ಗಾದ ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಹಾಕಿದರು. ಕುಷ್ಟಗಿಯ ಹುಡುಗಿಯರು ಬಸ್ಸಿನಲ್ಲಿ ಬಂದರು. ಜಿಲಾನಸಾಬರು ಕರೆಯದೇ ಬಂದು ಬೇವಿನ ಮರಕ್ಕೆ ಒಂದು ಸ್ಪೀಕರ್ ಕಟ್ಟಿದರು. ಶಾಮಿಯಾನ ಇಲ್ಲ, ಕುರ್ಚಿ ಇಲ್ಲ. ಹುಡುಗಿಯರ ತಾಯಂದಿರು ಒಂದಷ್ಟು ಮಂದಿ ನೆರಳಿಗೆ ಕೂತಿದ್ದರು. ಸಬೀನಾ ಶುರುವಿಗೇ, “ಇದು ಕಪ್ಪಿನ ಪಂದ್ಯ ಅಲ್ಲ. ಆದ್ರ ಆಡಾವರೆಲ್ಲ ಫೈನಲ್ ಆಡಿದವರು” ಎಂದು ಹೇಳಿದಳು. ಸುಳ್ಳು ಹೇಳಿ ಕೆಲಸ ಗಿಟ್ಟಿಸುವ ಹೆಣ್ಣಲ್ಲ ಅವಳು. ಆಮೇಲೆ ಒಬ್ಬರೂ ಅಡ್ಡ ಬರದೆ ಪಂದ್ಯ ನಡೆಯಿತು. ಹದಿನಾಲ್ಕೂ ಹುಡುಗಿಯರ ಹೆಸರು ಆ ಬಯಲಿನಲ್ಲಿ ಮತ್ತೆ ಮತ್ತೆ ಕೇಳಿಸಿತು.

ಆ ಪಂದ್ಯ ಕೇಳಿ ಮುಖ್ಯಸ್ಥರು ಅವಳನ್ನು ಲೀಗಿಗೆ ತೆಗೆದುಕೊಂಡರು. ಅದೂ ಮಧ್ಯಾಹ್ನದ ಪಂದ್ಯಗಳಿಗೆ ಮಾತ್ರ. ಜನ ಮನೆಗೆ ಬಂದು ಟಿವಿ ಹಾಕುವ ಹೊತ್ತಿನವು ಈಗಲೂ ಗಂಡಸರವೇ. ಆ ಜಗಳ ಇನ್ನೂ ನಡೆದಿದೆ. ಯಾರಾದರೂ ಅವಳು ಗೆದ್ದಳು ಅಂದರೆ ನನಗೆ ಮೈ ಉರಿಯುತ್ತದೆ. ಆದರೆ ಆ ಬೆಳಿಗ್ಗೆ ನಾನು ನೋಡಿದ್ದೊಂದನ್ನು ಹೇಳಲೇಬೇಕು.

ಕೊನೆಯ ರೇಡಿನಲ್ಲಿ ಕಸ್ತೂರೆಮ್ಮ ಸಿಕ್ಕಿಬಿದ್ದಳು. ಈ ಸಲ ಕುಷ್ಟಗಿಯವರು ಗೆದ್ದರು. ಸಬೀನಾ, “ಕಸ್ತೂರೆಮ್ಮ ಔಟ್. ಗೆರಿ ಮುಟ್ಟಾಕ ಒಂದ ಗೇಣು ಉಳಿದಿತ್ತು, ಕಸ್ತೂರೆಮ್ಮ ಕೊನೀತನಕ ಕೈ ಚಾಚಿದ್ಲು” ಎಂದು ಹೇಳುತ್ತಿದ್ದಳು. ನನ್ನ ಪಕ್ಕದಲ್ಲಿ ಕಸ್ತೂರೆಮ್ಮನ ತಾಯಿ ಹೊಳಿಯಮ್ಮ ಬುತ್ತಿಯ ಗಂಟು ಹಿಡಿದು ನಿಂತಿದ್ದಳು. ಕೂಲಿಗೆ ಹೋಗುವ ಹೆಂಗಸು, ಮಗಳ ಆಟಕ್ಕೆ ಬಂದದ್ದೇ ಅದು ಮೊದಲು. ಅವಳು ಸ್ಪೀಕರ್ ನೋಡಿ, ಆಮೇಲೆ ನನ್ನನ್ನು ನೋಡಿದಳು.

“ನನ್ನ ಮಗಳು ಸೋತಳೇನವಾ?”

“ಹೌದ್ರಿ, ಸೋತಳು.”

“ಸೋತ್ರೂ ಹೆಸರು ಕೂಗ್ತಾರೇನು?” ಅಂದಳು ಹೊಳಿಯಮ್ಮ.